ಕಾರ್ಡಿನ ಮೇಲೆ ಕಾಳು ಕಟ್ಟಿದ ದಿನ

ಲ್ಯಾಬಿಗೆ ಹೊಸದಾಗಿ ಸೇರುವ ಮಕ್ಕಳು ನನ್ನನ್ನು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮೇಡಂ, ದಿನಾ ರಕ್ತ ನೋಡಿ ನಿಮ್ಗೆ ತಲೆ ಸುತ್ತಲ್ವಾ?" ರಕ್ತ ನೋಡಿ ನನಗೆ ಒಮ್ಮೆಯೂ ತಲೆ ಸುತ್ತಿಲ್ಲ. ನಾನೇ ಬರೆದ ಒಂದು ರಿಪೋರ್ಟು ನೋಡಿ ಸುತ್ತಿದೆ. ಆ ರಿಪೋರ್ಟಿನಿಂದ ಒಂದು ಮಗು ಹೋಯಿತು. ಅದರ ತಪ್ಪನ್ನು ಆ ಮಗುವಿನ ತಾಯಿಯ ತಲೆಗೆ ಕಟ್ಟಿದರು. ನಿವೃತ್ತಿಯಾದ ಮೇಲೆ ನಮ್ಮ ಹಳೆಯ ಸಹೋದ್ಯೋಗಿಯೊಬ್ಬಳು, ಈಗ ಲ್ಯಾಬ್ ಕೋರ್ಸಿನ ಮಕ್ಕಳಿಗೆ ಪಾಠ ಹೇಳುವವಳು, "ವಿಮಲಕ್ಕ, ನಿಮ್ಮ ಅನುಭವ ಬರೆದುಕೊಡಿ, ಓದಿಸ್ತೀನಿ" ಎಂದಳು. ಬಡ್ತಿ ಸಿಕ್ಕಿದ್ದು, ಶಾಲು ಹೊದಿಸಿದ್ದು ಬರೆದರೆ ಆ ಮಕ್ಕಳಿಗೆ ಏನು ಉಪಯೋಗ? ಇದನ್ನೇ ಬರೆಯುತ್ತೇನೆ.

ಎರಡು ಸಾವಿರದ ಎಂಟರಲ್ಲಿ ನಾನು ಆ ಆಸ್ಪತ್ರೆಗೆ ಸೇರಿದೆ. ಹೆಬ್ಬಾಳದ ಆಸುಪಾಸಿನ ಒಂದು ಟ್ರಸ್ಟ್ ಆಸ್ಪತ್ರೆ, ಹೆಸರು ಬೇಡ. ಅದಕ್ಕೆ ಮೊದಲು ಯಶವಂತಪುರದ ಸಣ್ಣ ಲ್ಯಾಬೊಂದರಲ್ಲಿ ಸಕ್ಕರೆ, ಮೂತ್ರ, ಬಸುರಿಯರ ಪರೀಕ್ಷೆ ಮಾಡಿಕೊಂಡಿದ್ದವಳು. ಯಲಹಂಕದಲ್ಲಿ ಏಳು ಗಂಟೆಯ ಬಸ್ಸು ಹತ್ತಿದರೆ, ಬ್ಯಾಟರಾಯನಪುರದ ಹತ್ತಿರ ಅಷ್ಟು ಹೊತ್ತು ನಿಂತು, ಎಂಟಕ್ಕೆ ಹತ್ತು ನಿಮಿಷ ಇರುವಾಗ ಲ್ಯಾಬಿನ ಬೀಗ ತೆಗೆಯುತ್ತಿದ್ದೆ. ಮೊದಲ ಕೆಲಸ ಫ್ರಿಜ್ಜಿನ ತಾಪಮಾನ ನೋಡಿ ಪುಸ್ತಕದಲ್ಲಿ ಬರೆಯುವುದು. ಆಮೇಲೆ ಮೇಜು ಒರೆಸುವುದು. ಆಮೇಲೆ ಟ್ರೇಗೆ ಕಾಗದ ಹಾಸುವುದು. ಹಾಸಲೆಂದು ಬೇರೆ ಕಾಗದ ಯಾರೂ ತರಿಸುತ್ತಿರಲಿಲ್ಲ. ಪರೀಕ್ಷೆಯ ಕಿಟ್ಟಿನ ಡಬ್ಬಿಯೊಳಗೆ ಮಡಿಸಿಟ್ಟ ಸೂಚನೆಯ ಹಾಳೆ ಇರುತ್ತದಲ್ಲ, ಬಿಡಿಸಿದರೆ ಟ್ರೇಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತಿತ್ತು. ಅದನ್ನೇ ಹಾಸುತ್ತಿದ್ದೆವು. ಯಶವಂತಪುರದಲ್ಲೂ ಹಾಗೇ ಮಾಡುತ್ತಿದ್ದೆವು.

ಮೇಲಿನ ಮಹಡಿಯಲ್ಲಿ ಕ್ಯಾನ್ಸರ್ ವಾರ್ಡು, ಅದರ ಪಕ್ಕದಲ್ಲೇ ಮಕ್ಕಳದ್ದು. ಕ್ಯಾನ್ಸರ್ ಔಷಧಿ ಗಡ್ಡೆಯನ್ನು ಕೊಲ್ಲುವಾಗ ಮೈ ಕಾಯುವ ಕಣಗಳನ್ನೂ ಕೊಲ್ಲುತ್ತದೆ. ಬೇರೆ ಮಕ್ಕಳು ವಾರ ಕೆರೆದುಕೊಂಡು, ಮಲಗಿ, ಎದ್ದು ಆಡಲು ಹೋಗುವಂಥ ವೈರಸ್ಸು ಈ ಮಕ್ಕಳ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಕ್ಯಾನ್ಸರಿನಿಂದ ಉಳಿದ ಮಗು ಸೋಂಕಿನಿಂದ ಹೋಗುವುದನ್ನು ನಾನು ಆ ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ಕಂಡೆ. ನಮ್ಮ ಕೆಲಸ ಇದ್ದದ್ದು ಅಲ್ಲಿ: ಯಾರ ರಕ್ತದಲ್ಲಿ ಯಾವ ವೈರಸ್ಸಿದೆ, ಯಾರ ರಕ್ತದಲ್ಲಿ ಯಾವುದರ ವಿರುದ್ಧ ಪ್ರತಿಕಾಯ, ಎಂದರೆ ಆ್ಯಂಟಿಬಾಡಿ, ಇದೆ ಅಥವಾ ಇಲ್ಲ ಎಂದು ಬೇಗ ಹೇಳುವುದು. ಬೇಗ ಎನ್ನುವುದೇ ಅಲ್ಲಿ ಮುಖ್ಯ.

ಬೇಗದ ವಿಷಯದಲ್ಲೇ ನನ್ನ ಮೊದಲ ತಪ್ಪು ಆಯಿತು. ಸೇರಿದ ವರ್ಷವೇ. ಗೊರಗುಂಟೆಪಾಳ್ಯದ ಆಟೋ ಡ್ರೈವರ್ ಒಬ್ಬರು, ಕುತ್ತಿಗೆಯಲ್ಲಿ ಗಡ್ಡೆ. ಅವರಿಗೆ ಹಾಕಬೇಕಾದ ಔಷಧಿ ಒಳಗೆ ಸುಮ್ಮನೆ ಮಲಗಿರುವ ಕಾಮಾಲೆ ವೈರಸ್ಸನ್ನು ಎಬ್ಬಿಸುವಂಥದ್ದು. ಎದ್ದರೆ ಲಿವರ್ ಹೋಗುತ್ತದೆ. ಅದಕ್ಕೆ ಮೊದಲು ಪರೀಕ್ಷೆಯ ಕಾರ್ಡಿಗೆ ರಕ್ತ ಹಾಕಿ ಇಪ್ಪತ್ತು ನಿಮಿಷ ಕಾಯಬೇಕು, ಎರಡು ಗೆರೆ ಬಂದರೆ ವೈರಸ್ಸಿದೆ ಎಂದರ್ಥ. ವಾರ್ಡಿನ ಹೊಸ ಡಾಕ್ಟರು ಮೂರು ಸಲ ಫೋನ್ ಮಾಡಿದರು. "ಮೇಡಂ, ಆತ ಕುಡಿಯಲ್ಲ, ಬೀಡಿ ಸೇದಲ್ಲ, ಅಯ್ಯಪ್ಪನ ಮಾಲೆ ಹಾಕೋ ಮನುಷ್ಯ. ಅವ್ರಿಗೇನೂ ಇರಲ್ಲ. ಬೇಗ ಹೇಳ್ಬಿಡಿ, ಬಾಟ್ಲಿ ಹಾಕ್ಬೇಕು." ಏಳನೇ ನಿಮಿಷಕ್ಕೆ ಕಾರ್ಡಿನಲ್ಲಿ ಒಂದೇ ಗೆರೆ. ಇಲ್ಲ ಎಂದುಬಿಟ್ಟೆ. ಬೇರೆ ಕೆಲಸ ಮುಗಿಸಿ ಮತ್ತೆ ತಿರುಗಿ ನೋಡುವಾಗ ಗಡಿಯಾರದಲ್ಲಿ ಸರಿಯಾಗಿ ಇಪ್ಪತ್ತು ನಿಮಿಷ, ಕಾರ್ಡಿನಲ್ಲಿ ಎರಡನೇ ಗೆರೆ. ತೊಳೆದ ಸೀರೆಯಲ್ಲಿ ಉಳಿದ ಕುಂಕುಮದ ಕಲೆಯಷ್ಟು ತೆಳು. ಮೆಟ್ಟಿಲು ಹತ್ತಿ ಓಡಿದೆ. ಬಾಟಲಿ ನೇತುಹಾಕಿದ್ದರು, ಸೂಜಿಗೆ ಇನ್ನೂ ಸೇರಿಸಿರಲಿಲ್ಲ. ಆ ಮನುಷ್ಯ ನನ್ನ ಏದುಸಿರು ನೋಡಿ, "ಯಾಕಮ್ಮ, ಬಸ್ ಮಿಸ್ಸಾಯ್ತಾ?" ಎಂದು ನಕ್ಕರು. ಮೊದಲು ವೈರಸ್ಸಿಗೆ ಮಾತ್ರೆ ಕೊಟ್ಟು, ಆಮೇಲೆ ಔಷಧಿ ಹಾಕಿದರು. ಬಹಳ ಕಾಲ ಚೆನ್ನಾಗಿದ್ದರು.

ನಮ್ಮ ಲ್ಯಾಬಿನ ಮುಖ್ಯಸ್ಥರು ಡಾಕ್ಟರ್ ಶ್ರೀಪಾದ್. ಗಿಡ್ಡ ಮನುಷ್ಯ, ಗಟ್ಟಿ ಧ್ವನಿ, ಮಧ್ಯಾಹ್ನದ ಊಟಕ್ಕೆ ದಿನವೂ ಚಿತ್ರಾನ್ನ. ಅವತ್ತು ಎಲ್ಲರೆದುರಿಗೆ ಕೇಳಿದರು: "ವಿಮಲಾ, ನೀನು ಓದಿದ್ದು ಕಾರ್ಡಾ, ಫೋನಾ?"

"ತಪ್ಪಾಯ್ತು ಸರ್."

"ಮಾಲೆ ಹಾಕ್ತಾನೆ ಅಂದ್ರೆ ಗೆರೆ ಬರಲ್ವಾ? ಲ್ಯಾಬಿಗೆ ಟ್ಯೂಬ್ ಬರ್ಲಿ ಸಾಕು. ಕಥೆ ಬೇಡ. ಕಥೆ ಕೇಳೋಕೆ ಮೇಲೆ ಡಾಕ್ಟ್ರಿದ್ದಾರೆ."

ಮಾರನೇ ದಿನ ಫೋನನ್ನೇ ಲ್ಯಾಬಿನಿಂದ ತೆಗೆಸಿ ಹೊರಗಿನ ಕಾರಿಡಾರಿಗೆ ಹಾಕಿಸಿದರು. ಒಳಗೆ ಉಳಿದದ್ದು ಗಡಿಯಾರ ಮಾತ್ರ. ಅವರು ಹೇಳಿದ್ದು ಸರಿಯಾಗಿತ್ತು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಹಿಡಿಯಬೇಕಾದ್ದಕ್ಕಿಂತ ಗಟ್ಟಿಯಾಗಿ.

ಮಕ್ಕಳ ವಾರ್ಡಿನಲ್ಲಿ ನಾವು ಎಲ್ಲಕ್ಕಿಂತ ಹೆದರುತ್ತಿದ್ದದ್ದು ಜನ 'ಅಮ್ಮ' ಎನ್ನುವ ಕಾಯಿಲೆಗೆ, ಅದೇ ಸೀತಾಳೆ ಸಿಡುಬಿಗೆ. ಮೈಮೇಲೆ ನೀರುಗುಳ್ಳೆ ಏಳುವುದು. ಮನೆಯಲ್ಲಿ ಒಬ್ಬರಿಗೆ ಬಂದರೆ ಬಾಗಿಲಿಗೆ ಬೇವಿನಸೊಪ್ಪು ಕಟ್ಟುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಔಷಧಿ ಕೊಡುವುದಿಲ್ಲ, ಕಾಯಿಲೆ ಎಂದು ಬಾಯಲ್ಲಿ ಅನ್ನುವುದಿಲ್ಲ. ದೇವಿ ಮನೆಗೆ ಬಂದಿದ್ದಾಳೆ, ನೀರು ಹಾಕಿ ಕಳಿಸಿಕೊಡುವ ತನಕ ಹೊರಗೆ ಆಡಬಾರದು. ಹಾಗಾಗಿ "ಮನೆ ಹತ್ತಿರ ಯಾರಿಗಾದರೂ ಗುಳ್ಳೆ ಎದ್ದಿದೆಯಾ?" ಎಂದು ಕೇಳಿದರೆ ತಾಯಂದಿರು ಇಲ್ಲ ಎಂದೇ ಹೇಳುತ್ತಿದ್ದರು. ಅದು ಅವರ ಮಟ್ಟಿಗೆ ಸುಳ್ಳಲ್ಲ, ಭಕ್ತಿ.

ಇದನ್ನು ಬಿಡಿಸಿದವರು ಸಿಸ್ಟರ್ ಶಾಹಿದಾ. ಆರ್.ಟಿ. ನಗರದವರು, ಮಕ್ಕಳ ವಾರ್ಡಿನ ಹಿರಿಯ ನರ್ಸು. ಬೆಳಿಗ್ಗೆ ವಾರ್ಡಿನ ಬಾಗಿಲಲ್ಲೇ ನಿಂತು ಒಬ್ಬೊಬ್ಬ ತಾಯಿಯನ್ನೂ ಕೇಳುತ್ತಿದ್ದರು: "ನಿಮ್ ಬೀದೀಲಿ ಯಾರ್ ಬಾಗ್ಲಿಗಾದ್ರೂ ಬೇವಿನಸೊಪ್ಪು ಕಟ್ಟಿದಾರಾ ಅಮ್ಮಾ? ಬಾಯಿ ಬಿಡ್ಬೇಡಿ, ತಲೆ ಆಡ್ಸಿ ಸಾಕು." ತಲೆ ಆಡಿಸುತ್ತಿದ್ದರು! ದೇವಿಯ ಹೆಸರು ಎತ್ತಲಿಲ್ಲ, ಕಾಯಿಲೆ ಎನ್ನಲಿಲ್ಲ. ಸೊಪ್ಪು ಕಂಡೆ ಎಂದು ತಲೆಯಾಡಿಸಿದರೆ ಯಾವ ಅಪಚಾರವೂ ಇಲ್ಲ. ಡಾಕ್ಟರುಗಳು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಪ್ರಶ್ನೆಗಳಿಗಿಂತ ಶಾಹಿದಾ ಅವರ ಆ ಒಂದು ಪ್ರಶ್ನೆ ಹೆಚ್ಚು ಮಕ್ಕಳನ್ನು ಉಳಿಸಿದೆ.

ತಲೆ ಆಡಿಸಿದ ಮೇಲೆ ಏನು ಮಾಡುವುದು? ಬೇರೆಯವರ ರಕ್ತದಿಂದ ತೆಗೆದ ಸಿದ್ಧ ಆ್ಯಂಟಿಬಾಡಿಯ ಇಂಜೆಕ್ಷನ್ ಒಂದಿತ್ತು. ಸೋಂಕು ತಗುಲಿದ ಮೂರು ನಾಲ್ಕು ದಿನದ ಒಳಗೆ ಕೊಟ್ಟರೆ ಮಗುವನ್ನು ಕಾಯುತ್ತದೆ. ಆದರೆ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ನಮ್ಮ ಫ್ರಿಜ್ಜಿನಲ್ಲಿ ಒಂದು, ಹೆಚ್ಚೆಂದರೆ ಎರಡು ಸೀಸೆ ಇರುತ್ತಿದ್ದವು. ಮುಗಿದರೆ ಮುಂದಿನದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಮಗುವಿನ ರಕ್ತದಲ್ಲಿ ಮೊದಲೇ ತನ್ನದೇ ಆ್ಯಂಟಿಬಾಡಿ ಇದೆಯಾ ನೋಡಬೇಕು. ಇದ್ದರೆ ಇಂಜೆಕ್ಷನ್ ಬೇಡ, ಇಲ್ಲದಿದ್ದರೆ ಬೇಕೇ ಬೇಕು. ಮೊದಲೆಲ್ಲ ಆ ಪರೀಕ್ಷೆಗೆ ಸ್ಯಾಂಪಲ್ ಹೊರಗೆ ಕಳಿಸುತ್ತಿದ್ದೆವು, ಉತ್ತರ ಐದಾರು ದಿನಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಇಂಜೆಕ್ಷನ್ನಿನ ಹೊತ್ತು ಮೀರಿರುತ್ತಿತ್ತು.

ಶ್ರೀಪಾದ್ ಸರ್ ಎಲ್ಲೆಲ್ಲಿಗೋ ಬರೆದು ಹದಿನೈದು ನಿಮಿಷದ ಕಿಟ್ಟು ತರಿಸಿದರು. ಕಪ್ಪು ಬಣ್ಣದ ಕಾರ್ಡಿನ ಮೇಲೆ ಒಂದು ತೊಟ್ಟು ಸೀರಮ್, ಎಂದರೆ ರಕ್ತದ ತಿಳಿನೀರು, ಅದರ ಮೇಲೆ ಹಾಲಿನಂಥ ಬಿಳಿ ದ್ರಾವಣ ಒಂದು ತೊಟ್ಟು. ಕಾರ್ಡನ್ನು ಮೆಲ್ಲಗೆ ತೂಗುತ್ತ ಇರಬೇಕು. ರಕ್ತದಲ್ಲಿ ಆ್ಯಂಟಿಬಾಡಿ ಇದ್ದರೆ ಆ ಹಾಲು ಒಡೆದು ಸಣ್ಣ ರವೆಯ ಹಾಗೆ ಕಾಳು ಕಟ್ಟುತ್ತದೆ. ಇಲ್ಲದಿದ್ದರೆ ಹಾಲು ಹಾಲಾಗಿಯೇ ಉಳಿಯುತ್ತದೆ. ಮೊದಲ ದಿನ ಲ್ಯಾಬಿನವರೆಲ್ಲ ನಮ್ಮ ನಮ್ಮ ರಕ್ತವನ್ನೇ ಹಾಕಿ ನೋಡಿದೆವು. ಎಲ್ಲರದೂ ಕಾಳು ಕಟ್ಟಿತು. "ಎಲ್ರಿಗೂ ಚಿಕ್ಕಂದಿನಲ್ಲೇ ಅಮ್ಮ ಬಂದು ಹೋಗಿದ್ದಾಳೆ," ಎಂದರು ಸರ್. ಅವರ ಮುಖದಲ್ಲಿ ಅಷ್ಟು ಸಂತೋಷ ಆಮೇಲೆ ನಾನು ನೋಡಲಿಲ್ಲ.

ಈಗ ನಂದಿನಿಯ ವಿಷಯಕ್ಕೆ ಬರುತ್ತೇನೆ. ರಾಜಾನುಕುಂಟೆ ಕಡೆಯ ಮಗು, ಆರು ವರ್ಷ, ರಕ್ತದ ಕ್ಯಾನ್ಸರ್. ತಾಯಿ ಗೌರಮ್ಮ, ಮನೆಯವರದು ಹೂವಿನ ತೋಟ. ಚಿಕಿತ್ಸೆ ಶುರುವಾಗಿ ಒಂದು ವರ್ಷದ ಮೇಲಾಗಿತ್ತು, ಮಗು ಔಷಧಿಗೆ ಚೆನ್ನಾಗಿ ಒಗ್ಗಿತ್ತು. ರಕ್ತ ತೆಗೆಯಲು ಹೋದರೆ ಎಡಗೈ ಚಾಚಿ, ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿತ್ತು.

"ಯಾಕೆ, ಆ ಕೈ ಕೊಡಲ್ವಾ?"

"ಊಂ ಊಂ. ಅದು ಬರಿಯೋ ಕೈ."

"ಏನ್ ಬರೀತೀಯಾ ಅದ್ರಲ್ಲಿ?"

"ಇನ್ನೂ ಏನೂ ಬರ್ದಿಲ್ಲ. ಇಸ್ಕೂಲ್‌ಗೆ ಸೇರ್ಸಿದ್ಮೇಲೆ ಬರೀತೀನಿ."

ಮುಂದಿನ ಜೂನ್‌ನಲ್ಲಿ ಶಾಲೆಗೆ ಸೇರಿಸಬಹುದು ಎಂದು ವಾರ್ಡಿನ ಡಾಕ್ಟರಮ್ಮ ಹೇಳಿದ್ದರು. ಗೌರಮ್ಮ ಆಗಲೇ ಸ್ಲೇಟು ತಂದಿಟ್ಟಿದ್ದಳು.

ಚಳಿಗಾಲ ಕಳೆಯುತ್ತ ಬಂದಿತ್ತು. ಆ ಮಗುವಿಗೆ ಒಮ್ಮೆ ಜ್ವರ ಬಂದು ರಕ್ತದ ಕಣಗಳು ಇಳಿದವು. ಪ್ಲೇಟ್ಲೆಟ್ ಹಾಕಿದರು. ಅವತ್ತು ನಾನು ಬೇರೆ ಮಗುವಿನ ಸ್ಯಾಂಪಲ್ಲಿಗೆಂದು ವಾರ್ಡಿಗೆ ಹೋಗಿದ್ದೆ. ನಂದಿನಿ ಮೇಲೆ ನೇತುಹಾಕಿದ ಚೀಲ ತೋರಿಸಿ, "ಆಂಟಿ, ಇವತ್ತು ನಂಗೆ ಮಾವಿನಣ್ಣಿನ್ ರಸ. ಓದ್ ಸಲ ಕೆಂಪು ಚೀಲ ಇತ್ತು, ಇದು ಅಳದಿ," ಎಂದಿತು. "ನಂಗೂ ಒಂದ್ ಲೋಟ ಕೊಡೇ," ಎಂದು ನಾನು ನಕ್ಕು ಬಂದೆ. ಕಣ್ಣಾರೆ ಕಂಡದ್ದು ಇದು, ಯಾರೋ ಹೇಳಿದ್ದಲ್ಲ.

ಒಂಬತ್ತು ದಿನ ಕಳೆದವು. ಒಂದು ಬೆಳಿಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ ಗೌರಮ್ಮ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಳು. ಇನ್ನೂ ಶಾಹಿದಾ ಬಂದಿರಲಿಲ್ಲ. ಅವತ್ತು ವಾರ್ಡಿಗೆ ಬರುವ ದಿನವೂ ಅಲ್ಲ.

"ಏನ್ ಗೌರಮ್ಮ, ಇಷ್ಟ್ ಬೇಗ?"

ಅವಳು ಅತ್ತ ಇತ್ತ ನೋಡಿದಳು. "ಸೊಪ್ಪು ಕಟ್ಟವ್ರೆ ಅಕ್ಕಾ."

"ಯಾರ್ ಬಾಗ್ಲಿಗೆ?"

"ನಮ್ ಬಾಗ್ಲಿಗೇ. ನಮ್ ಮೈದ್ನನ್ ಮಗಳಿಗೆ. ಇಬ್ರೂ ಒಂದೇ ಚಾಪೇಲಿ ಮಲಗ್ತಾರೆ. ನೆನ್ನೆ ಸಾಯಂಕಾಲ ಕಂಡ್ತು. ಏಳ್ಬ್ಯಾಡ, ತಾಯಿ ಮುನಿಸ್ಕತಾಳೆ ಅಂದ್ರು ನಮ್ಮತ್ತೆ. ನಾನು ತ್ವಾಟಕ್ ಓಯ್ತೀನಿ ಅಂತೇಳಿ ಮೊದಲ್ನೇ ಬಸ್ ಅತ್ತಿವ್ನಿ."

ಅವಳು ಮಾಡಿದ್ದು ಎಂಥ ಕೆಲಸ ಎಂದು ಆ ಕಡೆಯವರಿಗೆ ಗೊತ್ತಾಗುತ್ತದೆ. ದೇವಿ ಮನೆಯಲ್ಲಿರುವಾಗ ಹೊಸಿಲು ದಾಟಿ, ಆಸ್ಪತ್ರೆಗೆ ಬಂದು, ಬಾಯಿಬಿಟ್ಟು ಹೇಳುವುದು! ಒಂದು ದಿನವೂ ತಡಮಾಡಿರಲಿಲ್ಲ. ಇಂಜೆಕ್ಷನ್ನಿಗೆ ಹೊತ್ತು ಮೀರಿರಲಿಲ್ಲ. ಫ್ರಿಜ್ಜಿನಲ್ಲಿ ಒಂದು ಸೀಸೆ ಇತ್ತು, ಬೀಗ ತೆಗೆದು ತಾಪಮಾನ ಬರೆಯುವಾಗ ಕಂಡೆ.

ಡಾಕ್ಟರಮ್ಮ ಬಂದರು, ಅರ್ಜಿ ಬರೆದರು, ನಾನು ಎಡಗೈಯಿಂದ ರಕ್ತ ತೆಗೆದೆ. ಕಾರ್ಡಿನ ಮೇಲೆ ತೊಟ್ಟು ಹಾಕಿ ತೂಗಿದೆ. ಐದನೇ ನಿಮಿಷಕ್ಕೆ ಏನೂ ಇಲ್ಲ. ಈ ಸಲ ನಾನು ಆತುರಪಡಲಿಲ್ಲ, ಗಡಿಯಾರದ ಮುಂದೆಯೇ ಕೂತಿದ್ದೆ. ಹದಿನೈದನೇ ನಿಮಿಷಕ್ಕೆ ಹಾಲು ಒಡೆದು ಕಾಳು ಕಟ್ಟಿತ್ತು. ಸ್ಪಷ್ಟವಾಗಿ. ಸರ್ ಕೂಡ ದೀಪದ ಕೆಳಗೆ ಹಿಡಿದು ನೋಡಿದರು, ಅರ್ಜಿ ನೋಡಿದರು. ಅರ್ಜಿಯಲ್ಲಿ ಹೆಸರು, ವಯಸ್ಸು, ಕಾಯಿಲೆ, ಪರೀಕ್ಷೆ, ಇಷ್ಟೇ ಮನೆಗಳು. ಸಹಿ ಹಾಕಿದರು. 'ಆ್ಯಂಟಿಬಾಡಿ ಇದೆ' ಎಂದು ನಾನು ಬರೆದೆ.

ನಾನೇ ಮೇಲೆ ಹೋಗಿ ಕೊಟ್ಟೆ. ಗೌರಮ್ಮ ನನ್ನ ಮುಖ ನೋಡಿದಳು.

"ಭಯ ಇಲ್ಲ ಕಣಮ್ಮ. ಅವಳ ರಕ್ತದಲ್ಲೇ ಕಾವಲು ಇದೆ. ಸೂಜಿ ಬೇಡ."

ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಮನೆಗೆ ವಾಪಸು ಹೋಗಬೇಡ, ತವರಿಗೆ ಹೋಗು ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು.

ಎರಡು ವಾರದ ಮೇಲೆ ಮಗುವನ್ನು ಕರೆತಂದಾಗ ಮೈಮೇಲೆ ಏನೂ ಇರಲಿಲ್ಲ. ಹೊಟ್ಟೆ ನೋವು, ಬೆನ್ನು ನೋವು. ಬಗ್ಗಿದ ಮೈ ನೆಟ್ಟಗೆ ಮಾಡುತ್ತಿರಲಿಲ್ಲ. ಅಪೆಂಡಿಕ್ಸೋ, ಔಷಧಿಯ ಪರಿಣಾಮವೋ ಎಂದು ನೋಡುತ್ತಿದ್ದರು. ನನ್ನ ರಿಪೋರ್ಟು ಇತ್ತಲ್ಲ, ಅದರಿಂದ ಸೀತಾಳೆಯ ಯೋಚನೆಯೇ ಮೊದಲ ದಿನ ಯಾರಿಗೂ ಬರಲಿಲ್ಲ. ಎರಡನೇ ದಿನ ಕಿವಿಯ ಹಿಂದೆ ಒಂದು ಗುಳ್ಳೆ. ಸಂಜೆಗೆ ಎದೆಯ ತುಂಬ. ವೈರಸ್ಸಿನ ಔಷಧಿ ಹಾಕಿದರು, ಉಸಿರಿನ ಯಂತ್ರಕ್ಕೆ ಹಾಕಿದರು. ದಿನಕ್ಕೆ ಮೂರು ಸಲ ಸ್ಯಾಂಪಲ್ ಬರುತ್ತಿತ್ತು, ಲಿವರಿನ ಅಂಕಿ ಪ್ರತಿ ಸಲವೂ ಏರಿರುತ್ತಿತ್ತು. ನಾನು ಬರೆದು ಬರೆದು ಕಳಿಸುತ್ತಿದ್ದೆ. ಐದನೇ ದಿನ ಮಧ್ಯಾಹ್ನ ಬರಬೇಕಾದ ಸ್ಯಾಂಪಲ್ ಬರಲಿಲ್ಲ. ವಿಚಾರಿಸಲು ಕಾರಿಡಾರಿನ ಫೋನಿನ ಹತ್ತಿರ ಹೋದೆ. ಆ ಕಡೆಯಿಂದ ಶಾಹಿದಾ, "ಇನ್ನು ಕಾಯ್ಬೇಡಿ ವಿಮಲಕ್ಕ," ಎಂದರು.

ಸರ್ ಚಿತ್ರಾನ್ನದ ಡಬ್ಬಿ ತೆರೆದವರು ಹಾಗೇ ಮುಚ್ಚಿದರು. "ಆ ಮಗೂದು ಹಳೇ ಸೀರಮ್ ಏನಾದ್ರೂ ಇದ್ಯಾ?" ಇತ್ತು. ಜ್ವರ ಬಂದ ದಿನ, ಪ್ಲೇಟ್ಲೆಟ್ ಹಾಕುವ ಮೊದಲು ತೆಗೆದದ್ದು, ಫ್ರೀಜರಿನಲ್ಲಿ. ಅದನ್ನು ಕರಗಿಸಿ ಕಾರ್ಡಿನ ಮೇಲೆ ಹಾಕಿದೆವು. ಈ ಸಲ ತೂಗಿದವರು ಅವರೇ. ಹದಿನೈದು ನಿಮಿಷ ನಾನು ಗಡಿಯಾರ ನೋಡಿದೆ. ಹಾಲು ಹಾಲಾಗಿಯೇ ಉಳಿಯಿತು. ಒಂದು ಕಾಳಿಲ್ಲ.

"ಈ ನಡುವೆ ಏನಾಯ್ತು?" ಎಂದರು.

"ಹಳದಿ ಚೀಲ," ಎಂದೆ. ನನ್ನ ಬಾಯಿಂದ ಬಂದದ್ದು ಮಗುವಿನ ಮಾತೇ.

ಪ್ಲೇಟ್ಲೆಟ್ ಎಂದರೆ ಬರೀ ಕಣಗಳಲ್ಲ. ಕೊಟ್ಟವರ ರಕ್ತದ ನೀರು ಅದರಲ್ಲಿರುತ್ತದೆ, ಆ ನೀರಿನಲ್ಲಿ ಅವರ ಆ್ಯಂಟಿಬಾಡಿ ಇರುತ್ತದೆ. ಕಾರ್ಡಿನ ಮೇಲೆ ಕಾಳು ಕಟ್ಟಿದ್ದು ನಂದಿನಿಯದ್ದಲ್ಲ, ಯಾರೋ ರಕ್ತದಾನಿಯದ್ದು. ಪರೀಕ್ಷೆಗೆ ತೋರುವಷ್ಟು ಇತ್ತು, ಮಗುವನ್ನು ಕಾಯುವಷ್ಟು ಇರಲಿಲ್ಲ. ಸರ್ ಕಿಟ್ಟಿನ ಸೂಚನೆ ಹಾಳೆ ಕೇಳಿದರು. ಡಬ್ಬಿಯಲ್ಲಿ ಇರಲಿಲ್ಲ. ಟ್ರೇಯ ಕೆಳಗಿನಿಂದ ಎಳೆದು ಕೊಟ್ಟೆ. ಮೂಲೆಗೆ ಅಂಟಿದ ಕಲೆಯ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ ಇತ್ತು: ಇತ್ತೀಚೆಗೆ ರಕ್ತ ಅಥವಾ ರಕ್ತದ ಭಾಗಗಳನ್ನು ಪಡೆದವರಲ್ಲಿ ಈ ಪರೀಕ್ಷೆಯನ್ನು ನಂಬಬಾರದು. ದಿನವೂ ಅದರ ಮೇಲೆಯೇ ಟ್ಯೂಬು ಜೋಡಿಸಿಟ್ಟಿದ್ದೆ.

"ಕಥೆ ಬೇಡ ಅಂದೋನು ನಾನು," ಎಂದರು ಸರ್. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವರೇ ಮೇಲೆ ಹೋಗಿ ಡಾಕ್ಟರಮ್ಮನಿಗೆ ಹೇಳಿದರು, ಬರೆದೂ ಕೊಟ್ಟರು. ಆಡಳಿತದ ಕಚೇರಿಯಿಂದ ಒಂದೇ ಮಾತು ಬಂತು: ಮನೆಯವರ ಹತ್ತಿರ ಯಾರೂ ಏನೂ ಮಾತಾಡಬೇಡಿ.

ಮಾರನೇ ದಿನದಿಂದಲೇ ಪ್ರತಿ ಅರ್ಜಿಯ ಕೆಳಗೆ ಸ್ಕೇಲು ಇಟ್ಟು ಒಂದು ಗೆರೆ ಎಳೆದು, 'ರಕ್ತ, ಪ್ಲೇಟ್ಲೆಟ್ ಹಾಕಿದ್ದಾರಾ? ಯಾವತ್ತು?' ಎಂದು ಕೈಯಲ್ಲಿ ಬರೆಯತೊಡಗಿದೆ. ಎಷ್ಟೋ ತಿಂಗಳು ಬರೆದ ಮೇಲೆ ಅದು ಅಚ್ಚಾಗಿ ಬಂತು. ಹೊಸ ಮಗು ಸೇರಿದ ದಿನವೇ, ಒಂದು ಹನಿ ರಕ್ತ ಹಾಕುವ ಮೊದಲೇ, ಆ್ಯಂಟಿಬಾಡಿ ನೋಡಿ, ಚೀಟಿ ಬರೆದು ಕೇಸ್ ಹಾಳೆಯ ಮುಖಕ್ಕೆ ಅಂಟಿಸುವುದು ಶುರುವಾಯಿತು. ಚೀಟಿ ಇಲ್ಲದ ಮಗುವಿಗೆ ಬೇವಿನಸೊಪ್ಪಿನ ಸುದ್ದಿ ಬಂದರೆ ಪರೀಕ್ಷೆಗೆ ಕಾಯದೆ ಇಂಜೆಕ್ಷನ್ ಕೊಟ್ಟರು. ಟ್ರೇಗೆ ಹಾಸಲು ಸರ್ ಬೇರೆ ಕಾಗದ ತರಿಸಿದರು. ಸೂಚನೆ ಹಾಳೆಗಳನ್ನೆಲ್ಲ ನಾನು ದಾರದಿಂದ ಪೋಣಿಸಿ ಗೋಡೆಗೆ ನೇತುಹಾಕಿದೆ, ಹೊಸದಾಗಿ ಬಂದವರಿಗೆ ಮೊದಲ ವಾರ ಅದನ್ನೇ ಓದಿಸಿದೆ. ಯಂತ್ರ ಬಂದಿದೆ, ತಾನೇ ಓದುತ್ತದೆ ಎಂದು ನೀವೀಗ ಅನ್ನಬಹುದು. ಟ್ಯೂಬಿನೊಳಗೆ ಇರುವುದು ಯಾರ ರಕ್ತ ಎಂದು ಯಂತ್ರ ಕೇಳುವುದಿಲ್ಲ, ನೀವು ಕೇಳಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ತಪ್ಪು ತಿದ್ದಿಕೊಂಡೆ ಎಂದಾಗುತ್ತಿತ್ತು. ಆದರೆ ಮಳೆಗಾಲ ಶುರುವಾದ ಮೇಲೆ ಒಂದು ದಿನ ಶಾಹಿದಾ ಊಟದ ಹೊತ್ತಿಗೆ ಲ್ಯಾಬಿಗೆ ಇಳಿದು ಬಂದರು. ಗೌರಮ್ಮನ ಊರಿನ ಹೆಂಗಸೊಬ್ಬಳು ತನ್ನ ಮಗುವನ್ನು ತೋರಿಸಲು ಬಂದಿದ್ದಳಂತೆ.

"ಅಕ್ಕಾ, ಆ ಗೌರಮ್ಮನ್ನ ಮನೇಲಿ ಒಲೆ ಹತ್ರ ಸೇರ್ಸ್ತಿಲ್ವಂತೆ. ಆಸ್ಪತ್ರೇಲಿ ಬಾಯ್ಬಿಟ್ಟಳು, ಅದಕ್ಕೇ ತಾಯಿ ಮಗೂನ ಕರ್ಕೊಂಡ್ಳು ಅಂತಾರಂತೆ. ಚಾಪೇಲಿ ಜೊತೆಗೆ ಮಲಗಿದ್ದ ಮಗು ಚೆನ್ನಾಗೇ ಇದ್ಯಲ್ಲ, ನೋಡಿ, ಅದರವ್ವ ಸುಮ್ನಿದ್ಲು, ಅದು ಉಳೀತು ಅಂತ. ಅವ್ಳೂ ಹಂಗೇ ನಂಬ್ಬಿಟ್ಟಿದ್ದಾಳಂತೆ."

ನಾನು ಕಲಸಿದ ಅನ್ನ ಹಾಗೇ ಬಿಟ್ಟೆ. ಸಾಯಂಕಾಲ ಸರ್ ಕೋಣೆಗೆ ಹೋಗಿ, ಭಾನುವಾರ ಅಲ್ಲಿಗೆ ಹೋಗುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಚೇರಿಗೆ ಗೊತ್ತಾದ್ರೆ ನಿನ್ ಕೆಲ್ಸ ಹೋಗತ್ತೆ."

"ಗೊತ್ತು ಸರ್."

"ಹೋಗು ಅಂತ ನಾನನ್ನಲ್ಲ. ಬೇಡ ಅಂತಾನೂ ಅನ್ನೋಕಾಗಲ್ಲ. ಹೋದ್ರೆ, ಸಹಿ ನಂದು ಅಂತ ಹೇಳು. ಮುಚ್ಚಿಡ್ಬೇಡ."

ಭಾನುವಾರ ಯಲಹಂಕದಿಂದ ದೊಡ್ಡಬಳ್ಳಾಪುರದ ಬಸ್ಸು ಹತ್ತಿ ರಾಜಾನುಕುಂಟೆಯಲ್ಲಿ ಇಳಿದು, ಕೇಳಿಕೊಂಡು ನಡೆದೆ. ಅಂಗಳದಲ್ಲಿ ಗೌರಮ್ಮನ ಅತ್ತೆ ಮುನಿಯಮ್ಮ ಕಾಲು ಚಾಚಿ ಕೂತು ಕನಕಾಂಬರ ಬಿಡಿಸುತ್ತಿದ್ದರು. ಗೌರಮ್ಮ ದೂರದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದ್ದಳು. ನನ್ನನ್ನು ಕಂಡು ಎದ್ದಳು, ಹತ್ತಿರ ಬರಲಿಲ್ಲ. ನಾನೇ ಹೋದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು.

"ಗೌರಮ್ಮ, ಅವತ್ತು ನಾನು ಸೂಜಿ ಬೇಡ ಅಂದ್ನಲ್ಲ. ಅದು ತಪ್ಪು. ಅವಳ ರಕ್ತದಲ್ಲಿ ಕಾವಲು ಇರ್ಲಿಲ್ಲ. ಆ ಹಳದಿ ಚೀಲ ಹಾಕಿದ್ರಲ್ಲ, ಅದರಲ್ಲಿ ಬಂದಿದ್ದು ಕಾರ್ಡಲ್ಲಿ ಕಂಡ್ತು. ನಾನು ಅವಳದ್ದೇ ಅಂದ್ಕೊಂಡೆ. ಚೀಲ ಹಾಕಿದ್ದನ್ನ ನಾನೇ ನೋಡಿದ್ದೆ, ಆದ್ರೂ ನಂಗೆ ಹೊಳೀಲಿಲ್ಲ. ನಮ್ಮ ದೊಡ್ಡ ಡಾಕ್ಟ್ರೂ ನೋಡಿ ಸಹಿ ಹಾಕಿದ್ರು. ಸೀಸೆ ಫ್ರಿಜ್ಜಲ್ಲೇ ಇತ್ತು."

ಅವಳ ಕೈಯಿಂದ ಸೋಪಿನ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಆ ಸೂಜಿ ಕೊಟ್ಟಿದ್ರೆ ಬದುಕ್ತಿದ್ಲಾ?"

ಏನೇನೋ ಹೇಳಬಹುದಿತ್ತು. ಯಾರಿಗೆ ಗೊತ್ತು, ದೇವರ ಇಚ್ಛೆ, ಹಾಗೆ. "ಬದುಕೋ ಸಾಧ್ಯತೆನೇ ಜಾಸ್ತಿ ಇತ್ತು," ಎಂದೆ.

"ಅಂಗಾದ್ರೆ ನಾನ್ ಬಂದು ಏಳಿದ್ದು?"

"ನೀನು ಹೇಳಿದ್ದು ಸರಿ. ಬಂದ ಹೊತ್ತೂ ಸರಿ. ತಪ್ಪಿದ್ದು ನಾನು."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದು ಅತ್ತೆಯ ಮುಂದಕ್ಕೆ ಎಳೆದುಕೊಂಡು ಹೋದಳು.

"ಅತ್ತೆ, ಊವ ಮಡಗಿ. ಇವ್ರು ಏಳಾದ್ ಕೇಳಿ. ಏಳ್ರಿ, ನಂಗೇಳಿದ್ ಅಂಗೇ ಏಳಿ."

ಎರಡನೇ ಸಲ ಹೇಳಿದೆ. ಮುನಿಯಮ್ಮ ಹೂವಿನ ಮೇಲಿಂದ ಕೈ ತೆಗೆದಿದ್ದರು. ಕೇಳಿ ಮುಗಿದ ಮೇಲೆ, "ತಾಯಿ ಮುಂದೆ ಕಾರ್ಡ್ ಏನ್ ಮಾಡ್ತದೆ ಬುಡವ್ವ," ಎಂದರು, ಆದರೆ ಸೊಸೆಯ ಮುಖ ನೋಡಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ತಿರುಗಿ ಕೂತರು. ಮೊಮ್ಮಗಳ ಹೆಸರು ಹಿಡಿದು ಸಣ್ಣಗೆ ಅಳತೊಡಗಿದರು.

ಗೌರಮ್ಮನ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಮಣಿಕಟ್ಟನ್ನೂ ಬಿಟ್ಟಿರಲಿಲ್ಲ.

"ನಿಮ್ಮನ್ನ ನಾನು ಏನೂ ಅನ್ನಾಕಿಲ್ಲ. ನಿಮ್ ಮುಖ ಇನ್ನೊಂದ್ ಕಿತ ನೋಡಾಕೂ ನಂಗಿಷ್ಟ ಇಲ್ಲ," ಎಂದಳು. "ಆದ್ರೆ ಓಗಕ್ ಮುಂಚೆ ಒಂದ್ ಕೆಲ್ಸ ಮಾಡಿ."

ಬೀದಿಯ ನಲ್ಲಿಯ ಹತ್ತಿರ ಐದಾರು ಹೆಂಗಸರು ಕೊಡ ಇಟ್ಟುಕೊಂಡು ನಮ್ಮ ಕಡೆಯೇ ನೋಡುತ್ತ ನಿಂತಿದ್ದರು. ಅವರಲ್ಲಿ ಮೈದುನನ ಹೆಂಡತಿಯೂ ಇದ್ದಳು, ಅವಳ ಸೊಂಟದ ಪಕ್ಕದಲ್ಲಿ ಆ ಇನ್ನೊಂದು ಮಗು. ಗೌರಮ್ಮ ನನ್ನನ್ನು ಅಂಗಳ ದಾಟಿಸಿ ಅವರ ನಡುವೆ ತಂದು ನಿಲ್ಲಿಸಿ, ಕೈ ಬಿಟ್ಟಳು.

"ಈಗ ಏಳಿ. ಗಟ್ಟಿಯಾಗ್ ಏಳಿ."

ಹೇಳಿದೆ.